ಕೊರತೆ ಇರೋದು ಅವಳ ಧೈರ್ಯದಲ್ಲಲ್ಲ, ಅವಳಿಗೆ ಕೇಳೋ ಪ್ರಶ್ನೆಯಲ್ಲಿ

ನಾನು ಎಂಜಿನಿಯರಿಂಗ್ ಫೈನಲ್ ಇಯರ್‌ನಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಒಂದು ಬಿಸಿನೆಸ್ ಪ್ಲಾನ್ ಸ್ಪರ್ಧೆ ನಡೆದಿತ್ತು. ನಮ್ಮದು ಮೂರು ಜನರ ಟೀಮು. ಐಡಿಯಾ ನನ್ನ ಗೆಳತಿಯದು. ಅವಳ ಅಪ್ಪ ರೈತರು. ಅವರ ಊರಿಗೆ ತ್ರೀ ಫೇಸ್ ಕರೆಂಟು ಬರ್ತಾ ಇದ್ದದ್ದು ನಡುರಾತ್ರಿ. ಪಂಪ್‌ಸೆಟ್ ಆನ್ ಮಾಡೋಕೆ ಅವರು ಟಾರ್ಚು ಹಿಡಿದು ತೋಟಕ್ಕೆ ಹೋಗಬೇಕಿತ್ತು. ಮನೆಯಿಂದಲೇ ಒಂದು ಮಿಸ್ಡ್ ಕಾಲ್ ಕೊಟ್ಟರೆ ಪಂಪ್ ಶುರುವಾಗೋ ಸ್ಟಾರ್ಟರ್ ಮಾಡೋಣ ಅಂತ ಅವಳು ಹೊರಟಿದ್ದಳು. ಸರ್ಕ್ಯೂಟ್ ಅವಳದ್ದು, ಖರ್ಚಿನ ಲೆಕ್ಕ ಅವಳದ್ದು, ಊರಿನ ನಾಲ್ಕು ರೈತರ ಹತ್ತಿರ ಹೋಗಿ ಮಾತಾಡಿಕೊಂಡು ಬಂದದ್ದೂ ಅವಳೇ. ನಾನು ಮಾಡಿದ್ದು ಪಿಪಿಟಿ.

ವೇದಿಕೆಯಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ಅಂಜಲಿಲ್ಲ, ತಡವರಿಸಲಿಲ್ಲ. ಆಮೇಲೆ ತೀರ್ಪುಗಾರರ ಪ್ರಶ್ನೆ ಶುರುವಾಯಿತು. 'ಏನಮ್ಮಾ, ದೊಡ್ಡ ಕಂಪನಿಯೋರು ಇದನ್ನೇ ಕಾಪಿ ಹೊಡೆದ್ರೆ ಏನ್ಮಾಡ್ತೀರಿ?', 'ರಾತ್ರಿ ಹೊತ್ತು ಕೆಟ್ಟುಹೋದ್ರೆ ಹೊಲಕ್ಕೆ ಯಾರು ಹೋಗ್ತಾರೆ, ನೀವು ಹೋಗ್ತೀರಾ?', ಕೊನೆಗೆ ನಗುತ್ತಲೇ, 'ಮದುವೆಯಾಗಿ ಬೇರೆ ಊರಿಗೆ ಹೋದ್ಮೇಲೆ ಕಂಪನಿ ಗತಿ?' ಸಭಾಂಗಣ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಅದೇ ತೀರ್ಪುಗಾರರು ನನ್ನ ಕಡೆ ತಿರುಗಿ, 'ಮೂರು ವರ್ಷದಲ್ಲಿ ಎಷ್ಟು ಜಿಲ್ಲೆಗೆ ತಲುಪಿಸಬಹುದು ಅಂತೀರಾ?' ಎಂದು ಕೇಳಿದರು.

ಪಿಪಿಟಿ ಮಾಡಿದವನು ಉತ್ತರ ಕೊಟ್ಟ. ಬಾಯಿಗೆ ಬಂದ ಸಂಖ್ಯೆ ಹೇಳಿದೆ. ನಮಗೆ ಎರಡನೇ ಬಹುಮಾನ ಬಂತು. ಚೆಕ್ ಹಿಡಿದುಕೊಂಡ ಫೋಟೋದಲ್ಲಿ ನಡುವೆ ನಿಂತವನು ನಾನು.

ಇದರಲ್ಲಿ ಏನೋ ತಪ್ಪಿದೆ ಅಂತ ನನಗೆ ಅನ್ನಿಸೋಕೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು. ಈಗ ಇದನ್ನು ಬರೀತಾ ಇರೋದಕ್ಕೂ ಕಾರಣ ಇದೆ. 2021ರ ಡಿಸೆಂಬರ್‌ನಲ್ಲಿ ಶಾರ್ಕ್ ಟ್ಯಾಂಕ್ ಇಂಡಿಯಾ ಶುರುವಾದ ಮೇಲೆ 'ಪಿಚ್' ಅನ್ನೋ ಮಾತು ನಮ್ಮ ಮನೆಗಳಿಗೂ ಬಂದಿದೆ. ಪ್ರತಿ ಮಾರ್ಚ್ 8ಕ್ಕೆ ಕಾಲೇಜುಗಳಲ್ಲಿ, ಕಂಪನಿಗಳಲ್ಲಿ 'ಧೈರ್ಯವಾಗಿ ಪಿಚ್ ಮಾಡಿ', 'ಆತ್ಮವಿಶ್ವಾಸ ಬೆಳೆಸಿಕೊಳ್ಳಿ' ಅಂತ ಹೆಣ್ಣುಮಕ್ಕಳಿಗೆ ಕಾರ್ಯಾಗಾರ ಮಾಡ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದರೊಳಗೆ ಸದ್ದಿಲ್ಲದೆ ಒಂದು ತೀರ್ಪು ಕೂತಿದೆ: ಹೆಣ್ಣುಮಕ್ಕಳಿಗೆ ದುಡ್ಡು ಸಿಗದಿರೋದಕ್ಕೆ ಕಾರಣ ಅವರಲ್ಲಿ ಧೈರ್ಯ ಇಲ್ಲದಿರೋದು, ಹಾಗಾಗಿ ರಿಪೇರಿ ಆಗಬೇಕಾಗಿರೋದು ಅವರೇ. ಈ ತೀರ್ಪನ್ನು ನಾನು ಒಪ್ಪಲ್ಲ.

ಎರಡು ಬಗೆಯ ಪ್ರಶ್ನೆ

ಟೆಕ್‌ಕ್ರಂಚ್ ಡಿಸ್ರಪ್ಟ್ ಅನ್ನೋದು ಅಮೆರಿಕದ ದೊಡ್ಡ ಸ್ಟಾರ್ಟಪ್ ಸ್ಪರ್ಧೆ. 2010ರಿಂದ 2016ರವರೆಗೆ ನ್ಯೂಯಾರ್ಕ್‌ನಲ್ಲಿ ನಡೆದ ಈ ಸ್ಪರ್ಧೆಯ ಪ್ರಶ್ನೋತ್ತರದ ವಿಡಿಯೋಗಳನ್ನು ಡಾನಾ ಕಾನ್ಜೆ, ಲಾರಾ ಹುವಾಂಗ್ ಮತ್ತಿತರ ಸಂಶೋಧಕರು ಒಂದೊಂದಾಗಿ ಕೂತು ನೋಡಿದರು. 189 ಸ್ಟಾರ್ಟಪ್‌ಗಳು, ಪ್ರಶ್ನೆ ಕೇಳಿದ ಇನ್ವೆಸ್ಟರ್‌ಗಳು ಸುಮಾರು 140. ಪ್ರಶ್ನೆಗಳನ್ನು ಅವರು ಎರಡು ಗುಂಪು ಮಾಡಿದರು. ಒಂದು, ಗೆಲುವಿನ ಪ್ರಶ್ನೆ: ಎಷ್ಟು ಬೆಳೀತೀರಿ, ಎಷ್ಟು ಹೊಸ ಗಿರಾಕಿಗಳು ಬರ್ತಾರೆ, ಐದು ವರ್ಷದಲ್ಲಿ ಎಲ್ಲಿರ್ತೀರಿ. ಇನ್ನೊಂದು, ನಷ್ಟದ ಪ್ರಶ್ನೆ: ಇರೋ ಗಿರಾಕಿಗಳನ್ನ ಹೇಗೆ ಉಳಿಸಿಕೊಳ್ತೀರಿ, ಬೇರೆಯವರು ಪೈಪೋಟಿಗೆ ಬಂದರೆ ಏನು ಗತಿ, ಹಾಕಿದ ದುಡ್ಡು ಯಾವಾಗ ವಾಪಸ್.

ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ 67% ಗೆಲುವಿನವು. ಹೆಂಗಸರಿಗೆ ಕೇಳಿದ್ದರಲ್ಲಿ 66% ನಷ್ಟದವು. ಹೆಚ್ಚಾಗಿ ಗೆಲುವಿನ ಪ್ರಶ್ನೆ ಎದುರಿಸಿದವರು ಮುಂದೆ ಎತ್ತಿದ ಬಂಡವಾಳ, ನಷ್ಟದ ಪ್ರಶ್ನೆ ಎದುರಿಸಿದವರಿಗಿಂತ ಸುಮಾರು ಏಳು ಪಟ್ಟು ಜಾಸ್ತಿ.

ಯಾಕೆ ಹೀಗೆ? ನಾವೆಲ್ಲ ಕೇಳಿದ ಪ್ರಶ್ನೆಗೆ ತಕ್ಕ ಹಾಗೇ ಉತ್ತರ ಕೊಡ್ತೀವಿ. 'ಮುಳುಗಿದರೆ ಏನ್ಮಾಡ್ತೀರಿ?' ಅಂತ ಕೇಳಿದರೆ ಮುಳುಗದೆ ಇರೋದು ಹೇಗೆ ಅಂತಲೇ ವಿವರಿಸ್ತೀವಿ. ಉತ್ತರ ಎಷ್ಟೇ ಚೆನ್ನಾಗಿದ್ದರೂ ಕೇಳಿದವರ ತಲೆಯಲ್ಲಿ ಉಳಿಯೋದು ಮುಳುಗೋ ದೋಣಿಯ ಚಿತ್ರವೇ. ಪಕ್ಕದವನಿಗೆ 'ಎಷ್ಟು ದೂರ ಹೋಗ್ತೀರಿ?' ಅಂತ ಕೇಳಿರ್ತಾರೆ. ಅವನು ಸಮುದ್ರದ ಮಾತಾಡ್ತಾನೆ. ಆಮೇಲೆ ನಾವು, 'ಅವನ ವಿಷನ್ ದೊಡ್ಡದು, ಅವಳದ್ದು ಹುಷಾರಿ ಜಾಸ್ತಿ' ಅಂತ ಷರಾ ಬರೀತೀವಿ.

ಈ ಅಧ್ಯಯನದ ಇನ್ನೆರಡು ಅಂಶ ಮುಖ್ಯ. ಆ ಇನ್ವೆಸ್ಟರ್‌ಗಳಲ್ಲಿ ಸುಮಾರು 40% ಹೆಂಗಸರೇ ಇದ್ದರು. ಅವರ ಪ್ರಶ್ನೆಗಳಲ್ಲೂ ಇದೇ ತಾರತಮ್ಯ ಇತ್ತು. ಅಂದರೆ ಇದು ಯಾರೋ ಕೆಲವು ಕೆಟ್ಟ ಗಂಡಸರ ಕಥೆಯಲ್ಲ. ಎರಡನೆಯದು, ನಷ್ಟದ ಪ್ರಶ್ನೆ ಬಂದಾಗಲೂ ಉತ್ತರವನ್ನು ಗೆಲುವಿನ ಕಡೆ ತಿರುಗಿಸಿದವರು, ಆ ಪ್ರಶ್ನೆಯ ಒಳಗೇ ಉಳಿದವರಿಗಿಂತ ಸುಮಾರು 14 ಪಟ್ಟು ಹೆಚ್ಚು ಬಂಡವಾಳ ಎತ್ತಿದ್ದರು.

2014ರ ಇನ್ನೊಂದು ಅಧ್ಯಯನ ಇನ್ನೂ ನೇರ. ಒಂದೇ ಪಿಚ್ ವಿಡಿಯೋ, ಅದೇ ಮಾತು, ಅದೇ ಚಿತ್ರಗಳು. ಒಮ್ಮೆ ಗಂಡು ಧ್ವನಿ, ಒಮ್ಮೆ ಹೆಣ್ಣು ಧ್ವನಿ. ಸುಮಾರು 68% ಜನ ಗಂಡು ಧ್ವನಿಯ ಪಿಚ್‌ಗೆ ದುಡ್ಡು ಹಾಕ್ತೀವಿ ಅಂದರು. ಧ್ವನಿ ಬಿಟ್ಟು ಬೇರೇನೂ ಬದಲಾಗದ ಕಡೆ 'ಧೈರ್ಯ ಸಾಲದು' ಅಂತ ಯಾರಿಗೆ ಹೇಳೋದು?

ಇದನ್ನೆಲ್ಲ ಓದಿದ ದಿನವೇ ಆ ಗೆಳತಿಗೆ ಫೋನ್ ಮಾಡಿದೆ. ಅವಳು ಶಿವಮೊಗ್ಗ ಕಡೆಯವಳು, ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಎಲ್ಲ ಕೇಳಿಸಿಕೊಂಡು ನಕ್ಕಳು. 'ನಂಗೆ ಅವತ್ತೇ ಗೊತ್ತಾಗಿತ್ತು ಮಾರಾಯ. ನಿಂಗೆ ಗೊತ್ತಾಗೋಕೆ ಅಮೆರಿಕದೋರು ಸ್ಟಡಿ ಮಾಡ್ಬೇಕಾಯ್ತು' ಅಂದಳು.

ಗ್ಯಾರೇಜಿನ ಕಥೆಯನ್ನು ಇನ್ನೊಮ್ಮೆ ಓದೋಣ

ಹೆಣ್ಣು, ಉದ್ಯಮ, ಧೈರ್ಯ ಅಂದಕೂಡಲೇ ಕರ್ನಾಟಕದಲ್ಲಿ ಮೊದಲು ಬರೋ ಹೆಸರು ಕಿರಣ್ ಮಜುಂದಾರ್ ಷಾ. ಅದು ನಿಜಕ್ಕೂ ದೊಡ್ಡ ಕಥೆ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಮಾಸ್ಟರ್ ಬ್ರೂವರ್ ಆಗಿ ಬಂದರೆ ಇಲ್ಲಿ 'ಇದು ಗಂಡಸರ ಕೆಲಸ' ಅಂತ ಬಾಗಿಲು ಹಾಕಿದರು. 1978ರಲ್ಲಿ, 25ನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರು ಮಾಡಿದರು. ಪರಂಗಿ ಹಣ್ಣಿನಿಂದ ಪಪೈನ್ ಅನ್ನೋ ಕಿಣ್ವ ತೆಗೆಯೋದು ಮೊದಲ ಕೆಲಸಗಳಲ್ಲಿ ಒಂದು. ಒಂದೇ ವರ್ಷದಲ್ಲಿ ಕಿಣ್ವಗಳನ್ನು ಅಮೆರಿಕ, ಯುರೋಪಿಗೆ ರಫ್ತು ಮಾಡೋ ಹಂತಕ್ಕೆ ಬಂದರು. 2004ರಲ್ಲಿ ಷೇರು ಮಾರುಕಟ್ಟೆಗೆ ಬಂದ ಮೊದಲ ದಿನವೇ ಕಂಪನಿಯ ಮೌಲ್ಯ 100 ಕೋಟಿ ಡಾಲರ್ ದಾಟಿತು.

ನಾವು ಈ ಕಥೆ ಹೇಳುವಾಗ ಗ್ಯಾರೇಜಿನಿಂದ ನೇರವಾಗಿ ಷೇರು ಮಾರುಕಟ್ಟೆಗೆ ಹಾರಿಬಿಡ್ತೀವಿ. ನಡುವಿನ ಭಾಗ ನೋಡಿ. ಯಾವ ಬ್ಯಾಂಕೂ ಸಾಲ ಕೊಡೋಕೆ ಮುಂದೆ ಬರಲಿಲ್ಲ. ಕೆಲವರು 'ನಿಮ್ಮ ತಂದೆ ಜಾಮೀನು ಹಾಕ್ತಾರಾ?' ಅಂತ ಕೇಳಿದರು. ಕೆಲಸಕ್ಕೆ ಜನ ಸಿಗೋದೂ ಕಷ್ಟವಾಯಿತು. ಕೊನೆಗೆ ಒಂದು ಸಮಾರಂಭದಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕರ್ ಒಬ್ಬರಿಂದ ಸಾಲದ ದಾರಿ ತೆರೆಯಿತು.

ಧೈರ್ಯ ಮೊದಲ ದಿನದಿಂದಲೂ ಅಷ್ಟೇ ಇತ್ತು. ಬದಲಾಗಿದ್ದು ಎದುರಿಗೆ ಕೂತವರು. ಹಾಗಾದರೆ ಅದೇ 1978ರಲ್ಲಿ ಅಷ್ಟೇ ಧೈರ್ಯ ಇದ್ದೂ ಅಂಥ ಸಮಾರಂಭಕ್ಕೆ ಆಹ್ವಾನವೇ ಇಲ್ಲದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಿರಬಹುದು? ನಮ್ಮ ಪಠ್ಯಪುಸ್ತಕಗಳಿಗೆ ಗೆದ್ದವರ ಕಥೆ ಸಿಗುತ್ತೆ. ಬ್ಯಾಂಕಿನ ಮೆಟ್ಟಿಲಿಂದ ವಾಪಸ್ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಣ್ಣೊಬ್ಬಳು ವ್ಯಾಪಾರಕ್ಕೆ ಸಾಲ ಕೇಳಿದರೆ ಮನೆಯ ಗಂಡಸಿನ ಸಹಿ ಬೇಕು ಅನ್ನೋ ನಿಯಮ 1988ರವರೆಗೂ ಇತ್ತು. ಅದನ್ನು ತೆಗೆಸಿದ್ದು ಧೈರ್ಯದ ಕಾರ್ಯಾಗಾರ ಅಲ್ಲ, ಹೆಣ್ಣುಮಕ್ಕಳು ಹೋರಾಡಿ ತಂದ ಕಾನೂನು.

ಕಾಕು ಬ್ಯಾಂಕಿಗೆ ಹೋದಾಗ

ಪಿಚ್ ಅಂದರೆ ಬೆಂಗಳೂರಿನ ಕೋ-ವರ್ಕಿಂಗ್ ಆಫೀಸು, ಇಂಗ್ಲಿಷು, ಸ್ಲೈಡು ಅಷ್ಟೇ ಅಲ್ಲ. ನಮ್ಮ ಗದಗ ಕಡೆ ನನ್ನ ಕಾಕು ಒಬ್ಬರಿದ್ದಾರೆ. ಮನೆಯಲ್ಲೇ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡ್ತಾರೆ. ಜೊತೆಗೆ ಓಣಿಯ ಆರು ಹೆಣ್ಣುಮಕ್ಕಳು. ಎರಡು ವರ್ಷದ ಹಿಂದೆ ರೊಟ್ಟಿ ಮಷಿನ್ ತರೋಕೆ ನಾಲ್ಕು ಲಕ್ಷ ಸಾಲ ಬೇಕು ಅಂತ ಬ್ಯಾಂಕಿಗೆ ಹೋದರು. ಜೊತೆಗೆ ನಾನಿದ್ದೆ.

ಮ್ಯಾನೇಜರ್ ಒಳ್ಳೆಯವರೇ. ಕೂರಿಸಿ ಚಹಾ ತರಿಸಿದರು. ಆದರೆ ಪ್ರಶ್ನೆಗಳು? 'ಯಜಮಾನ್ರು ಏನ್ ಮಾಡ್ತಾರ್ರೀ?', 'ಅವರ ಹೆಸರಿನ್ಯಾಗ ಹೊಲ ಐತೇನ್ರಿ?', 'ಮಷಿನ್ ಕೆಟ್ಟು ಕುಂತ್ರ?', 'ಆರ್ಡರ್ ನಿಂತ್ರ ಕಂತು ಹೆಂಗ ಕಟ್ತೀರಿ?' ಹದಿನೈದು ನಿಮಿಷದಲ್ಲಿ 'ಎಷ್ಟು ರೊಟ್ಟಿ ಮಾರ್ತೀರಿ' ಅನ್ನೋ ಪ್ರಶ್ನೆ ಬರಲೇ ಇಲ್ಲ. ನಡುನಡುವೆ ಕಾಕುವಿನ ಲೆಕ್ಕ ನನ್ನನ್ನು ಕೇಳಿದರು. ನಾನು ಕಾಕು ಕಡೆ ನೋಡಿದೆ. ಕಾಲೇಜಿನ ಪಾಠ ಅಷ್ಟಾದರೂ ನೆನಪಿತ್ತು.

ಮೂರನೇ ಸಲ ಹೋದಾಗ ಕಾಕು ಲೆಕ್ಕದ ವಹಿ ಟೇಬಲ್ ಮೇಲಿಟ್ಟರು. 'ಆರ್ಡರ್ ನಿಂತ್ರ ಅನ್ನೂದು ಬಿಡ್ರಿ ಸರ. ಮದುವಿ ಸೀಜನ್ನಿನ್ಯಾಗ ಬಂದ ಆರ್ಡರ್ ನಾನಾ ಹೊಳ್ಳಿ ಕಳಿಸೀನ್ರಿ, ಕೈ ಸಾಲಲಿಲ್ಲ. ಯಾರ್ಯಾರಿಗೆ ಇಲ್ಲ ಅಂದೀನಿ ಅಂತ ಇದ್ರಾಗ ಬರದೀನಿ ನೋಡ್ರಿ. ಮಷಿನ್ ಬಂದ್ರ ಅವರೆಲ್ಲಾರೂ ನನ್ನ ಗಿರಾಕಿನ' ಅಂದರು. ಯಾವ ಅಧ್ಯಯನವನ್ನೂ ಓದದ ಕಾಕು ನಷ್ಟದ ಪ್ರಶ್ನೆಯನ್ನು ಗೆಲುವಿನ ಉತ್ತರಕ್ಕೆ ತಿರುಗಿಸಿಬಿಟ್ಟಿದ್ದರು. ನಾನು ಕೇಳಿದ ಪಿಚ್‌ಗಳಲ್ಲಿ ಅದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ.

ಸಾಲ ಸಿಕ್ಕಿತು. ನಾಲ್ಕು ಲಕ್ಷ ಅಲ್ಲ, ಎರಡೂವರೆ. ಅದೂ ಕಾಕಾನ ಸಹಿ ಹಾಕಿಸಿಕೊಂಡ ಮೇಲೆ. ಬಸ್ ಸ್ಟ್ಯಾಂಡಿನಲ್ಲಿ ಕಾಕು ಅಂದದ್ದು ಇನ್ನೂ ಕಿವಿಯಲ್ಲಿದೆ: 'ರೊಟ್ಟಿ ಬಡಿಯಾಕಿ ನಾನು, ಸಾಲ ತೀರಸಾಕಿ ನಾನು. ಸಹಿ ಮಾತ್ರ ಅವರದು ಬೇಕಾತು ನೋಡಪಾ.'

ಗಮನಿಸಿ, ಒಂದು ಮಿತಿಯವರೆಗಿನ ಸಣ್ಣ ಉದ್ದಿಮೆ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆದರೂ 'ಹೊಲ ಯಾರ ಹೆಸರಲ್ಲಿದೆ' ಅನ್ನೋ ಪ್ರಶ್ನೆ ಹೋಗಿಲ್ಲ. ಆ ಪ್ರಶ್ನೆಗೆ ಹೆಣ್ಣುಮಕ್ಕಳ ಹತ್ತಿರ ಉತ್ತರವೂ ಇರಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು; ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ 2015-16ರ ಕೃಷಿ ಗಣತಿ ಪ್ರಕಾರ ದೇಶದ ಕೃಷಿ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಪಾಲಿದೆ, ಪಹಣಿಯಲ್ಲಿ ಹೆಸರಿಲ್ಲ.

'ಸರ್ಕಾರದ ಯೋಜನೆಗಳು ಬೇಕಾದಷ್ಟಿವೆಯಲ್ಲ' ಅಂತ ನೀವು ಕೇಳಬಹುದು. ಹೌದು, ಇವೆ. ರಾಜ್ಯದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗೆ ಸಾಲ, ಅದಕ್ಕೆ ಸಬ್ಸಿಡಿ. 2015ರಲ್ಲಿ ಬಂದ ಮುದ್ರಾ ಯೋಜನೆಯ ಸಾಲಗಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು ಅಂತ ಕೇಂದ್ರ ಸರ್ಕಾರವೇ ಹೇಳುತ್ತೆ. ಆದರೆ ಮುದ್ರಾ ಖಾತೆಗಳಲ್ಲಿ ಹೆಚ್ಚಿನವು 50,000 ರೂಪಾಯಿ ಒಳಗಿನ 'ಶಿಶು' ಸಾಲ. ಹೊಲಿಗೆ ಮಷಿನ್ ಬರುತ್ತೆ, ಗಾರ್ಮೆಂಟ್ ಘಟಕ ಬರಲ್ಲ. 10 ಲಕ್ಷದಿಂದ 1 ಕೋಟಿವರೆಗಿನ ದೊಡ್ಡ ಸಾಲಕ್ಕೆ ಅಂತ 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ತಂದರು. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಮಹಿಳೆಗೆ, ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸಾಲ ಕೊಡಬೇಕು ಅನ್ನೋದು ಅದರ ಗುರಿಯಾಗಿತ್ತು. ಒಂದು ಶಾಖೆಗೆ ಒಬ್ಬಳು! ಅಷ್ಟಕ್ಕೂ ಸರ್ಕಾರ ಆದೇಶ ಹೊರಡಿಸಬೇಕಾಯಿತು ಅನ್ನೋದೇ ಪರಿಸ್ಥಿತಿ ಹೇಳುತ್ತೆ.

ಇನ್ನೊಂದು ಕಡೆ, ಹೆಣ್ಣುಮಕ್ಕಳು ಪಿಚ್ ಮಾಡದೆಯೇ ಸುಲಭವಾಗಿ ಸಿಗೋ ದುಡ್ಡು ಅಂದರೆ ಮೈಕ್ರೋಫೈನಾನ್ಸ್. ಅಲ್ಲಿ ಯಾರೂ ಐಡಿಯಾ ಕೇಳಲ್ಲ. ವಾರದ ಕಂತು ಕಟ್ಟಿದರೆ ಸಾಕು. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಾವು ನೋಡಿದ್ದೀವಿ. ವಸೂಲಿ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವ ಕಳಕೊಂಡರು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಣ್ಣ ದುಡ್ಡಿಗೆ ಅವಳನ್ನು ಕಣ್ಣುಮುಚ್ಚಿ ನಂಬೋ ವ್ಯವಸ್ಥೆ, ದೊಡ್ಡ ದುಡ್ಡಿಗೆ ಗಂಡನ ಸಹಿ ಕೇಳುತ್ತೆ. ಆರನೇ ಆರ್ಥಿಕ ಗಣತಿಯಲ್ಲಿ ಹೆಂಗಸರು ನಡೆಸೋ ಉದ್ದಿಮೆಗಳಲ್ಲಿ ಸುಮಾರು 79% ಸ್ವಂತ ದುಡ್ಡಿನಲ್ಲೇ ನಡೀತಾ ಇದ್ದವು. ಬೇರೆಯವರು ದುಡ್ಡು ಹಾಕದಿದ್ದರೂ ತನ್ನ ಒಡವೆ, ಉಳಿತಾಯ ಹಾಕಿ ಅಂಗಡಿ ತೆರೆದವಳಿಗೆ ನಾವು ಧೈರ್ಯದ ಪಾಠ ಹೇಳೋಕೆ ಹೊರಟಿದ್ದೀವಿ.

'ರಿಸ್ಕ್ ಬಗ್ಗೆ ಕೇಳೋದೇ ತಪ್ಪಾ?'

ಸ್ನೇಹಿತರೊಬ್ಬರು ಹೀಗೇ ಕೇಳಿದರು. ದುಡ್ಡು ಹಾಕೋನು ನಷ್ಟದ ಬಗ್ಗೆ ಕೇಳಲೇಬೇಕಲ್ಲ? ಖಂಡಿತ ಕೇಳಬೇಕು. ಆದರೆ ಎಲ್ಲರಿಗೂ ಕೇಳಬೇಕು. ಬರೀ ಗೆಲುವಿನ ಪ್ರಶ್ನೆ ಕೇಳಿ ಗಂಡಸರಿಗೆ ಕೊಟ್ಟ ದುಡ್ಡು ಎಷ್ಟು ಮುಳುಗಿದೆ ಅನ್ನೋದಕ್ಕೆ ಬೆಂಗಳೂರಿನ ಸ್ಟಾರ್ಟಪ್ ಲೋಕದಲ್ಲಿ ಉದಾಹರಣೆಗೆ ಬರವಿಲ್ಲ. ಅಮೆರಿಕದ ಸ್ಟಾರ್ಟಪ್‌ಗಳ ಬಗ್ಗೆ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು: ಹೆಂಗಸರು ಕಟ್ಟಿದ ಕಂಪನಿಗಳಿಗೆ ಸಿಕ್ಕಿದ ಬಂಡವಾಳ ಸರಾಸರಿ ಅರ್ಧಕ್ಕಿಂತ ಕಡಿಮೆ, ಆದರೆ ಹಾಕಿದ ಪ್ರತಿ ಡಾಲರಿಗೆ ಬಂದ ಆದಾಯ 78 ಸೆಂಟ್. ಗಂಡಸರ ಕಂಪನಿಗಳಲ್ಲಿ ಅದು 31 ಸೆಂಟ್. ಹಾಗಿದ್ದ ಮೇಲೆ ಹೆಣ್ಣುಮಕ್ಕಳಿಗೆ ಮಾತ್ರ ನಷ್ಟದ ಪ್ರಶ್ನೆ ಕೇಳೋದನ್ನ ಹುಷಾರಿ ಅನ್ನೋಕಾಗಲ್ಲ, ಅದು ದಡ್ಡತನ.

ಇನ್ನು ಧೈರ್ಯದ ಮಾತು. ಧೈರ್ಯ ಎಲ್ಲರಿಗೂ ಒಂದೇ ಬೆಲೆಗೆ ಸಿಗಲ್ಲ. ಗಂಡಸು ಎದೆಯುಬ್ಬಿಸಿ ಮಾತಾಡಿದರೆ ಖದರು, ಹೆಣ್ಣು ಮಾತಾಡಿದರೆ ದಿಮಾಕು. ಅವನು ಗಟ್ಟಿಯಾಗಿ ಹೇಳಿದರೆ ಲೀಡರ್, ಅವಳು ಹೇಳಿದರೆ 'ಬಾಯಿ ಜೋರು'. ಅದೂ ಅವಳು ದಲಿತ ಹೆಣ್ಣುಮಗಳೋ, ಮುಸ್ಲಿಂ ಹೆಣ್ಣುಮಗಳೋ, ಇಂಗ್ಲಿಷ್ ಬಾರದವಳೋ ಆಗಿದ್ದರೆ ಬೆಲೆ ಇನ್ನೂ ಏರುತ್ತೆ. 'ಬೋಲ್ಡ್ ಆಗಿ ಪಿಚ್ ಮಾಡಿ' ಅನ್ನೋ ಕಾರ್ಯಾಗಾರಗಳು ಈ ಬೆಲೆಯ ಬಗ್ಗೆ ಬಾಯಿ ಬಿಡಲ್ಲ.

ಹಾಗಾದರೆ ಏನು ಮಾಡೋಣ?

ಮೊದಲು, ಪ್ರಶ್ನೆಪತ್ರಿಕೆ ಒಂದೇ ಇರಲಿ. ಕಾಲೇಜಿನ ಸ್ಪರ್ಧೆ ಆಗಲಿ, ಸರ್ಕಾರದ ಅನುದಾನ ಕೊಡೋ ಸಮಿತಿ ಆಗಲಿ, ಎಲ್ಲ ಸ್ಪರ್ಧಿಗಳಿಗೂ ಕೇಳೋ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಲಿ: ಇಷ್ಟು ಬೆಳವಣಿಗೆಯದು, ಇಷ್ಟು ಅಪಾಯದ್ದು. ಮದುವೆ, ಮಕ್ಕಳು, ಗಂಡನ ಕೆಲಸ ಇವು ಪಟ್ಟಿಯಲ್ಲೇ ಬೇಡ. ಸಮಿತಿಯಲ್ಲಿ ಒಬ್ಬ ಮಹಿಳೆಯನ್ನು ಕೂರಿಸಿ ಕೈತೊಳೆದುಕೊಳ್ಳೋದು ಸಾಲದು. ಆ 40% ಕಥೆ ನೋಡಿದೆವಲ್ಲ.

ಎರಡನೆಯದು, ಬ್ಯಾಂಕು ಸಾಲ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲೇ ಇದೆ. ನಿಮ್ಮ ಅಮ್ಮನೋ, ಅಕ್ಕನೋ, ಕಾಕುವೋ ಬ್ಯಾಂಕಿಗೆ ಹೋದಾಗ ಆ ಕಾಗದ ಕೇಳಿ ತಗೊಳ್ಳಿ. 'ಯಜಮಾನ್ರು ಬಂದಿಲ್ಲ' ಅನ್ನೋದನ್ನ ಬಾಯಲ್ಲಿ ಹೇಳೋದು ಸುಲಭ, ಸೀಲು ಹಾಕಿ ಬರೆದುಕೊಡೋದು ಕಷ್ಟ.

ಮೂರನೆಯದು ಪಿಚ್ ಮಾಡೋ ಹೆಣ್ಣುಮಕ್ಕಳಿಗೆ, ಸಲಹೆಯಲ್ಲ, ಕಾಕುವಿನ ಅನುಭವ ಅಷ್ಟೇ. ಪ್ರಶ್ನೆ ಬದಲಾಗೋವರೆಗೆ ಉತ್ತರ ತಿರುಗಿಸೋದು ಕೆಲಸಕ್ಕೆ ಬರುತ್ತೆ. ನಷ್ಟದ ಪ್ರಶ್ನೆಗೆ ಒಂದು ಸಾಲು ಉತ್ತರ ಕೊಡಿ, ಆಮೇಲೆ ನಿಮ್ಮ ವಹಿ ತೆಗೆದು ಮಾರುಕಟ್ಟೆ ಎಷ್ಟು ದೊಡ್ಡದು ಅಂತ ತೋರಿಸಿ. ಆದರೆ ಇದು ತಾತ್ಕಾಲಿಕ. ತಿರುಗಿಸೋ ಹೊಣೆ ಯಾವಾಗಲೂ ಅವಳ ತಲೆಗೇ ಕಟ್ಟಬಾರದು.

ಕೊನೆಯದು ನನ್ನಂಥ ಹುಡುಗರಿಗೆ. ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಓದ್ತಾ ಇರೋ ಎಷ್ಟೋ ಜನ ಈ ಲೇಖನ ಓದ್ತೀರಿ. ನಾಳೆ ನಿಮ್ಮ ಟೀಮಿನಲ್ಲೂ ಅವಳ ಐಡಿಯಾ ಇರುತ್ತೆ, ನಿಮ್ಮ ಪಿಪಿಟಿ ಇರುತ್ತೆ. ತೀರ್ಪುಗಾರರು ಅವಳನ್ನು ದಾಟಿ ನಿಮ್ಮ ಕಡೆ ತಿರುಗಿ 'ಎಷ್ಟು ಜಿಲ್ಲೆಗೆ ತಲುಪಿಸ್ತೀರಿ?' ಅಂತ ಕೇಳ್ತಾರೆ. ಆಗ ಹೇಳಬೇಕಾದ್ದು ಇಷ್ಟೇ: 'ಸರ್, ಲೆಕ್ಕ ಹಾಕಿದ್ದು ಅವಳು. ಅವಳನ್ನೇ ಕೇಳಿ.' ನನಗೆ ಆ ಮಾತು ಅವತ್ತು ಬಾಯಿಗೆ ಬರಲಿಲ್ಲ. ಆ ಸ್ಟಾರ್ಟರ್ ಪಿಪಿಟಿಯಲ್ಲೇ ಉಳಿಯಿತು.